ಕನ್ನಡಿಯನ್ನು ಫೋಟೋ ಅಂದವರು

"ಆ ಗುಂಡಿ ಮೇಲಿಂದ ಬೆರಳು ತೆಗೀರಿ, ಶೈಲೋಬೆಕ್ ಮಿರ್ಜಾ."

ಝೂರಾ ದನಿ ಎತ್ತಲಿಲ್ಲ. ಮಿರ್ಜಾ, ಅಂದರೆ ಸಾಹೇಬರು, ಎಂದು ಕರೆದರೂ ದನಿ ಎತ್ತುವಷ್ಟು ಯೋಗ್ಯತೆ ಎದುರಿಗಿದ್ದವನಿಗೆ ಇದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಗೋಡೆಬದಿಯ ಕುರ್ಚಿಯೊಂದನ್ನು ದರದರ ಎಳೆದು ತಂದು, ಅವನಿಗೂ ಯಂತ್ರದ ಕಪಾಟಿಗೂ ನಡುವೆ ಹಾಕಿ, ಊಟದ ಪಂಕ್ತಿಯಲ್ಲಿ ಜಾಗ ಹಿಡಿದವಳಂತೆ ಭದ್ರವಾಗಿ ಕೂತುಬಿಟ್ಟಳು.

ಘಟ್ಟದ ದಾರಿಯ ಗೇಟುಗಳನ್ನು ಕಂಪ್ಯೂಟರಿನಿಂದ ನಡೆಸುವ ಸಂಸ್ಥೆಯ ನಿರ್ದೇಶಕ ಶೈಲೋಬೆಕ್ ಬೆರಳನ್ನು ಹಿಂದಕ್ಕೆ ಎಳೆದುಕೊಂಡ. ಒಳ್ಳೆಯ ಉಗುರು, ಒಳ್ಳೆಯ ಉಂಗುರ, ಒಳ್ಳೆಯ ಸೂಟು. ಒಳ್ಳೆಯದೆಲ್ಲ ಅವನ ಮೈಯ ಹೊರಗಡೆಯೇ ಮುಗಿದುಹೋಗಿತ್ತು.

"ಆಗಾಗ ಆಫ್ ಮಾಡಿ ಆನ್ ಮಾಡೋದು ನಮ್ಮ ಪದ್ಧತಿ, ಝೂರಾ ಅಸಾನೋವ್ನಾ. ಯಂತ್ರಕ್ಕೂ ಸ್ವಲ್ಪ ವಿಶ್ರಾಂತಿ ಬೇಕಲ್ವಾ?"

"ಮನುಷ್ಯ ಸತ್ತ ಮೇಲೆ ಪದ್ಧತಿ ನೆನಪಾಯ್ತಾ? ಅದಕ್ಕೂ ಮುಂಚೆ ಚಳಿಗಾಲ ಪೂರ್ತಿ ಇದನ್ನ ಒಂದು ಸಲಾನೂ ಆಫ್ ಮಾಡಿಲ್ಲ ಅಂತ ನಿಮ್ಮ ಹುಡುಗ್ರೇ ಹೇಳಿದ್ರು. ಇವತ್ತು ನಾನು ಬರ್ತೀನಿ ಅಂದ ಕೂಡ್ಲೇ ಇದಕ್ಕೆ ಆಯಾಸ ಆಗೋಯ್ತು."

ಕೋಕ್-ಬೆಲ್ ಘಟ್ಟದ ಗೇಟು ತೆರೆಯಬಾರದ ಹೊತ್ತಿನಲ್ಲಿ ತೆರೆದಿತ್ತು. ಆಲೂಗಡ್ಡೆ ಲಾರಿ ಹತ್ತಿಸಿಕೊಂಡು ಹೋದ ರಿಸ್ಪೆಕ್ ಎಂಬ ಚಾಲಕ ಹಿಮಕುಸಿತದ ಅಡಿಯಲ್ಲಿ ಹೂತುಹೋಗಿದ್ದ. ಗೇಟು ಕಾಯುವ ಮುದುಕ ಜೋಲ್ಚು ಲಾಕಪ್ಪಿನಲ್ಲಿದ್ದ. ಇವತ್ತು ಸಂಜೆಯೊಳಗೆ ಬೇರೆ ಸಾಕ್ಷಿ ಸಿಗದಿದ್ದರೆ ಮುದುಕನನ್ನು ಜೈಲಿಗೆ ಕಳಿಸುವುದೇ ಸೈ ಎಂದು ಝೂರಾಳ ಮೇಲಧಿಕಾರಿ, ಪೊಲೀಸ್ ಕರ್ನಲ್ ಮಾದಿಲೋವ್ ಹೇಳಿಬಿಟ್ಟಿದ್ದರು. ಜೋಲ್ಚುವಿನ ಶ್ವಾಸಕೋಶ ಅರ್ಧ ಸವೆದಿತ್ತು. ಜೈಲಿನ ಒಂದು ಚಳಿಗಾಲವನ್ನೂ ಅದು ದಾಟಿಸುವುದಿಲ್ಲ ಎಂಬುದು ಝೂರಾಳಿಗೆ ಗೊತ್ತು, ಠಾಣೆಯ ಮೆಟ್ಟಿಲ ಮೇಲೆ ದಿನವಿಡೀ ಕೂತಿರುತ್ತಿದ್ದ ಅವನ ಹೆಂಡತಿ ಸೈರಾಳಿಗೂ ಗೊತ್ತು.

ಗೊತ್ತಿಲ್ಲದ್ದು, ಗೊತ್ತು ಮಾಡಿಕೊಳ್ಳುವ ಇಚ್ಛೆಯೂ ಇಲ್ಲದ್ದು, ಈ ಕಚೇರಿಯವರಿಗೆ ಮಾತ್ರ.

ಬಿಶ್ಕೆಕ್ಕಿನ ಈ ಕಚೇರಿಗೆ ಪ್ರದರ್ಶನದ ಕಾಯಿಲೆ ಹಿಡಿದಿತ್ತು. ಸಭೆಯ ಕೋಣೆಯೊಳಗೆ ಉಣ್ಣೆಯ ಡೇರೆಯನ್ನೇ ನಿಲ್ಲಿಸಿದ್ದರು. ಅದರೊಳಗೆ ಪ್ಲಾಸ್ಟಿಕ್ಕಿನ ಒಲೆ, ಒಲೆಯಲ್ಲಿ ಕೆಂಪು ಬಲ್ಬಿನ ಬೆಂಕಿ. ಕುದುರೆಯ ಬೆನ್ನೇರಿ ಗೊತ್ತಿಲ್ಲದವರ ಗೋಡೆಯ ಮೇಲೆ ಬೆಳ್ಳಿ ಕಟ್ಟಿದ ಜೀನು. ಹೊರದೇಶದ ಗಿರಾಕಿಗಳನ್ನು ಡೇರೆಯೊಳಗೆ ಕೂರಿಸಿ, ಪರ್ವತಗಳೆಲ್ಲ ನಮ್ಮ ಬೆರಳ ತುದಿಯಲ್ಲಿವೆ ಎಂದು ಶೈಲೋಬೆಕ್ ಭಾಷಣ ಬಿಗಿಯುತ್ತಿದ್ದ. ಪರ್ವತಕ್ಕೆ ಮಾತ್ರ ಇದನ್ನು ಯಾರೂ ತಿಳಿಸಿರಲಿಲ್ಲ.

"ನಿಮ್ಮ ಮುಖ್ಯ ಪ್ರೋಗ್ರಾಮರನ್ನ ಕರೀರಿ," ಎಂದಳು ಝೂರಾ.

"ಎಲ್ದಿಯಾರ್ ಬಹಳ ಕೆಲಸದಲ್ಲಿದಾನೆ."

"ಜೋಲ್ಚು ಬಹಳ ಬಿಡುವಾಗಿದಾರೆ. ಕರೀರಿ."

ಎಲ್ದಿಯಾರ್ ಬಂದ. ಮೂವತ್ತು ದಾಟಿದ ಆಸಾಮಿ, ಕತ್ತರಿಸಿ ಓರಣ ಮಾಡಿದ ಗಡ್ಡ, ಮನೆಯೊಳಗೂ ತೆಗೆಯದ ಟೋಪಿ. ಕೋಕ್-ಬೆಲ್ ಗೇಟನ್ನು ಎತ್ತಿ ಇಳಿಸುವ ಪ್ರೋಗ್ರಾಮ್ ಬರೆದವನು ಇವನೇ. ಬರೆದವನು ತಾನು ಎಂಬುದನ್ನು ಅವನ ನಡಿಗೆಯೇ ಹೇಳುತ್ತಿತ್ತು.

"ಎಜೆ, ನಾನು ಆಗ್ಲೇ ಎಲ್ಲಾ ವಿವರಿಸಿದ್ದೀನಲ್ಲ," ಎಂದ. ಎಜೆ ಎಂದರೆ ಅಕ್ಕ. ಅವನ ಬಾಯಲ್ಲಿ ಮಾತ್ರ ಅದು ದಾರಿಗೆ ಅಡ್ಡ ನಿಂತವಳನ್ನು ಪಕ್ಕಕ್ಕೆ ಸರಿಸುವ ಮಾತಿನಂತಿತ್ತು.

"ಇನ್ನೊಂದು ಸಲ ವಿವರಿಸಪ್ಪ. ವಯಸ್ಸಾಯ್ತು ನೋಡು, ಮರೆತುಹೋಗತ್ತೆ."

ಪೊಲೀಸ್ ಇಲಾಖೆಯ ಕಂಪ್ಯೂಟರ್ ಅಪರಾಧಗಳ ವಿಭಾಗದಲ್ಲಿ ಅವಳು ಕೂದಲು ನರೆಸಿಕೊಂಡವಳು ಎಂಬುದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅವಳೂ ಹೇಳಲಿಲ್ಲ. ಇಂಥವರು ತಾವಾಗಿ ಬಾಯಿ ಬಿಡುವುದು ಎದುರಿಗಿರುವವರು ದಡ್ಡರು ಎಂದು ನಂಬಿದಾಗ ಮಾತ್ರ.

ಎಲ್ದಿಯಾರ್ ಪರದೆಯ ಮೇಲೆ ಎರಡು ಚೌಕ ತೆರೆದ.

"ಎಡಗಡೆಯದು ಕೋಕ್-ಬೆಲ್ ಗೇಟಿನ ಈಗಿನ ಸ್ಥಿತಿ. ಬಲಗಡೆಯದು ಆವತ್ತು ಗೇಟು ಮೇಲೆದ್ದ ಕ್ಷಣದಲ್ಲಿ ಯಂತ್ರ ತಾನಾಗೇ ತೆಗೆದ ಫೋಟೋ, ಅಂದ್ರೆ ಅಂಕಿಗಳ ನಕಲು. ಯಾರೇ ಗೇಟು ಎತ್ಲಿ, ಎದ್ದ ತಕ್ಷಣ ಯಂತ್ರ ಆ ಕ್ಷಣದ ಸ್ಥಿತೀನ ಪೂರ್ತಿ ತೆಗೆದಿಟ್ಕೊಳ್ಳುತ್ತೆ. ಈಗ ಮಿತಿ ಅನ್ನೋ ಸಾಲು ನೋಡಿ. ಈ ಕಡೆ ತೊಂಬತ್ತು. ಆ ಕಡೆ?"

"ತೊಂಬತ್ತು."

"ಸರಿ. ಇಳಿಜಾರಿನಲ್ಲಿ ಹಿಮ ತೊಂಬತ್ತು ಸೆಂಟಿಮೀಟರ್ ದಾಟಿದ್ರೆ ಯಂತ್ರ ಗೇಟು ತೆರೆಯಲ್ಲ. ಆವತ್ತು ಹಿಮ ನೂರಿಪ್ಪತ್ತು ಇತ್ತು ಅಂತ ಹವಾಮಾನದವರೇ ಬರೆದು ಕೊಟ್ಟಿದಾರೆ. ಅಂದ್ಮೇಲೆ ಯಂತ್ರ ತೆರೆದಿಲ್ಲ. ಮುದುಕ ಕೈಹಿಡಿ ತಿರುಗಿಸಿ ತೆರೆದಿದ್ದಾನೆ."

"ಕುಡಿದಿದ್ದ," ಎಂದು ಶೈಲೋಬೆಕ್ ಸೇರಿಸಿದ. "ಆ ಜನ ಎಲ್ಲಾ ಹಾಗೇ. ಚಳಿ ಅಂತ ಶುರು ಮಾಡ್ತಾರೆ."

"ಆ ಜನ ಅಂದ್ರೆ ಯಾವ ಜನ, ಮಿರ್ಜಾ? ನಿಮ್ಮಪ್ಪ ಲಾರಿ ಓಡಿಸ್ತಿದ್ದೋರಲ್ವಾ?"

ಶೈಲೋಬೆಕ್ ತೋಳಿನ ಪಟ್ಟಿ ಸರಿಮಾಡಿಕೊಂಡ. ಝೂರಾ ಮತ್ತೆ ಪರದೆಯ ಕಡೆ ತಿರುಗಿದಳು.

"ಯಾರೋ ಮಿತೀನ ಬದಲಾಯಿಸಿ, ಗೇಟು ತೆರೆದ ಮೇಲೆ ಮತ್ತೆ ಮೊದಲಿನ ಹಾಗೆ ಮಾಡಿದ್ರೆ?"

ಎಲ್ದಿಯಾರ್ ನಕ್ಕ. ಮಗುವಿನ ಪ್ರಶ್ನೆಗೆ ನಗುವ ಮೇಷ್ಟರ ನಗು.

"ಅದಕ್ಕೇ ಅಲ್ವಾ ಎಜೆ ಫೋಟೋ ಇರೋದು? ಆ ಕ್ಷಣದಲ್ಲಿ ಮಿತಿ ಬೇರೆ ಇದ್ದಿದ್ರೆ ಫೋಟೋದಲ್ಲಿ ಬೇರೆ ಇರ್ತಿತ್ತು. ಎರಡೂ ಅಕ್ಷರಕ್ಕೆ ಅಕ್ಷರ ಹೊಂದುತ್ತೆ. ಯಾರೂ ಕೈ ಹಾಕಿಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?"

"ಅಕ್ಷರಕ್ಕೆ ಅಕ್ಷರ."

"ಚುಕ್ಕೆಗೆ ಚುಕ್ಕೆ."

"ಗೇಟು ಅನ್ನೋ ಸಾಲು ಓದು ನೋಡೋಣ. ಫೋಟೋದಲ್ಲಿ."

"ಮುಚ್ಚಿದೆ."

"ಗೇಟು ಮೇಲೆದ್ದ ಕ್ಷಣದ ಫೋಟೋದಲ್ಲಿ ಗೇಟು ಮುಚ್ಚಿದೆಯಾ?"

ಎಲ್ದಿಯಾರ್ ಬಾಯಿ ತೆರೆಯುವ ಮೊದಲೇ ಶೈಲೋಬೆಕ್ ಅವನ ಪರವಾಗಿ ತೆರೆದ. "ಅದೇ ನಾನೂ ಹೇಳೋದು! ಯಂತ್ರದ ಪಾಲಿಗೆ ಗೇಟು ಮುಚ್ಚೇ ಇತ್ತು. ಮುದುಕ ಕದ್ದು ತೆರೆದ. ವಕೀಲರಿಗೂ ಇದನ್ನೇ ತೋರಿಸಿದ್ದೀವಿ, ಅವರೂ ಭೇಷ್ ಅಂದ್ರು."

ವಕೀಲರು ಭೇಷ್ ಅಂದಿರಲಿಕ್ಕೆ ಸಾಕು. ತಮಗೆ ಬೇಕಾದ ಸಾಲನ್ನು ಮಾತ್ರ ಓದುವುದರಲ್ಲಿ ಅವರೂ ಪಳಗಿದ ಜನ. ಝೂರಾ ಪರದೆಯ ಮೇಲೆ ಬೆರಳಿಟ್ಟಳು.

"ಅದರ ಕೆಳಗಿನ ಸಾಲು ಓದು, ಎಲ್ದಿಯಾರ್. ಹಿಮದ್ದು."

"ಅರವತ್ನಾಲ್ಕು."

"ಆವತ್ತು ಎಷ್ಟಿತ್ತು ಅಂದೆ?"

ಎಲ್ದಿಯಾರ್ ಗಡ್ಡ ತುರಿಸಿಕೊಂಡ.

"ನೂರಿಪ್ಪತ್ತು ಅಂದೆ. ಈಗಷ್ಟೇ ಅಂದೆ. ಘಟ್ಟದ ಮೇಲೆ ಇವತ್ತು ಎಷ್ಟಿದೆ?"

ಅವನು ಎಡಗಡೆಯ ಚೌಕ ನೋಡಿದ. ನೋಡುವ ಅಗತ್ಯವಿರಲಿಲ್ಲ. "ಅರವತ್ನಾಲ್ಕು," ಎಂದ. ಈ ಸಲ ದನಿಯಲ್ಲಿ ಮೇಷ್ಟರು ಇರಲಿಲ್ಲ.

"ಇವತ್ತು ಬೆಳಗ್ಗೆ ಕರಗಿ ಉಳಿದ ಹಿಮ ಆವತ್ತಿನ ಫೋಟೋದೊಳಗೆ ಹೇಗಪ್ಪ ಹೋಗಿ ಕೂತ್ಕೊಳ್ತು?"

ಯಂತ್ರದ ಕಪಾಟಿನೊಳಗೆ ಫ್ಯಾನುಗಳು ತಮ್ಮ ಪಾಡಿಗೆ ಗುಂಯ್‌ಗುಡುತ್ತಿದ್ದವು. ಇಷ್ಟು ಜನ, ಇಷ್ಟು ದಿನ, ಇದೇ ಪರದೆಯ ಮುಂದೆ ನಿಂತು ಒಬ್ಬ ಮುದುಕನನ್ನು ಬಲಿ ಕೊಡಲು ತಯಾರಾಗಿದ್ದರು. ಒಬ್ಬನಿಗೂ ಮೂರನೆಯ ಸಾಲು ಓದುವ ಪುರುಸೊತ್ತಿರಲಿಲ್ಲ. ಝೂರಾಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಸಹ್ಯವಾಯಿತು.

"ತರಬೇತಿಗೆ ಅಂತ ಒಂದು ಸುಳ್ಳು ಗೇಟು ಇಟ್ಕೊಂಡಿದ್ದೀರಲ್ಲ, ಅದನ್ನ ತೆಗಿ," ಎಂದಳು. "ಕೋಕ್-ಬೆಲ್‌ದು ಮುಟ್ಟಬೇಡ. ಮುಟ್ಟಿದ್ರೆ ಕೈಗೆ ಕೋಳ ಬೀಳತ್ತೆ."

ಎಲ್ದಿಯಾರ್ ತೆಗೆದ.

"ಮಿತಿ ಎಷ್ಟಿದೆ?"

"ಐವತ್ತು."

"ಅದರ ಫೋಟೋ ತೆಗಿ. ನಿನ್ನ ಪ್ರೋಗ್ರಾಮ್ ಹೇಗೆ ತೆಗೆಯತ್ತೋ ಹಾಗೇ."

ಅವನು ಒಂದು ಸಾಲು ಬರೆದ. ಒಂದು ಕಡೆ ಫೋಟೋ ಎಂಬ ಹೆಸರು, ನಡುವೆ ಸಮಚಿಹ್ನೆ, ಇನ್ನೊಂದು ಕಡೆ ಗೇಟು. ಅಷ್ಟೇ.

"ಈಗ ಗೇಟಿನ ಮಿತಿ ಏಳು ಮಾಡು. ಫೋಟೋ ಮುಟ್ಟಬೇಡ."

"ಮಾಡಿದೆ."

"ಫೋಟೋ ತೋರಿಸು."

ಫೋಟೋದಲ್ಲಿ ಮಿತಿ ಏಳು ಎಂದಿತ್ತು.

ಎಲ್ದಿಯಾರ್ ಟೋಪಿ ತೆಗೆದ. ಒಳಗೆ ಕೂದಲು ಹೆಚ್ಚಿರಲಿಲ್ಲ. ಮಿತಿಯನ್ನು ಮತ್ತೆ ಐವತ್ತು ಮಾಡಿದ. ಫೋಟೋ ವಿಧೇಯವಾಗಿ ಐವತ್ತಾಯಿತು. ಮೂವತ್ತು ಮಾಡಿದ, ಅದೂ ಮೂವತ್ತಾಯಿತು. ಯಜಮಾನ ಕೆಮ್ಮಿದರೆ ಕೆಮ್ಮುವ ಆಳಿನ ಹಾಗೆ.

"ಇದು ಫೋಟೋ ಅಲ್ಲ ಕಣಪ್ಪ, ಕನ್ನಡಿ," ಎಂದಳು ಝೂರಾ. "ಕನ್ನಡಿ ಮುಂದೆ ನಿಂತ್ಕೊಂಡು, ನೋಡಿ ಇಬ್ರೂ ಒಂದೇ ಥರ ಇದೀವಿ, ಯಾರೂ ವೇಷ ಬದಲಾಯಿಸಿಲ್ಲ ಅಂತ ಕೋರ್ಟಿಗೆ ಹೇಳೋಕೆ ಹೊರಟಿದ್ದೀಯ."

"ಏನಿದು? ನನಗೆ ಅರ್ಥ ಆಗೋ ಹಾಗೆ ಹೇಳ್ರಿ," ಎಂದ ಶೈಲೋಬೆಕ್. ಪರ್ವತಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವನು.

"ನಿಮಗೆ ಅರ್ಥ ಆಗಬೇಕಾದ್ರೆ ಕುರಿ ಮಂದೆಗೇ ಹೋಗಬೇಕು. ನಿಮ್ಮ ಮಾವನ ಮಂದೆಗೆ ಇಬ್ರು ನೆಂಟ್ರು ಬಂದ್ರು ಅಂತ ಇಟ್ಕೊಳ್ಳಿ. ಕಿವಿ ಸೀಳಿರೋ ಕರಿ ಟಗರು ನಿಂದು ಅಂತ ಮಾವ ಒಬ್ಬನಿಗೆ ಹೇಳ್ದ. ಇನ್ನೊಬ್ಬನಿಗೂ ಅದೇ ಮಾತು ಹೇಳ್ದ. ಟಗರು ಎಷ್ಟು?"

"ಒಂದು."

"ಮೊದಲನೆಯವನು ಬಂದು ಉಣ್ಣೆ ಕತ್ತರಿಸಿಕೊಂಡು ಹೋದ. ಎರಡನೆಯವನ ಟಗರಿನ ಮೈಮೇಲೆ ಉಣ್ಣೆ ಇರತ್ತಾ?"

"ಅದು ಹೇಗಿರತ್ತೆ? ಇರೋದೇ ಒಂದು ಟಗರು."

"ನೋಡಿ, ನಿಮಗೇ ಹೊಳೀತು. ನಿಮ್ಮ ಮುಖ್ಯ ಪ್ರೋಗ್ರಾಮರಿಗೆ ಹೊಳೀಲಿಲ್ಲ. ಬಿಡಿ ಸಂಖ್ಯೆ ಇರತ್ತಲ್ಲ, ತೊಂಬತ್ತು, ಏಳು, ಐವತ್ತು, ಅದು ಎಣ್ಣೇಲಿ ಕರಿದ ಒಂದು ಬೋರ್ಸೋಕ್ ರೊಟ್ಟಿ ತುಂಡು ಇದ್ದ ಹಾಗೆ. ಅಂಗೈಯಲ್ಲಿ ಹಿಡಿಯತ್ತೆ. ನನ್ನ ತಟ್ಟೆಲಿರೋ ಥರದ್ದೇ ಇನ್ನೊಂದನ್ನ ಕರಿದು ನಿಮ್ಮ ತಟ್ಟೆಗೆ ಹಾಕಿದ್ರೆ ಅದು ನಿಮ್ಮದೇ. ನಂದು ನಾನು ತಿಂದ್ರೂ ನಿಮ್ಮದು ಹಾಗೇ ಇರತ್ತೆ. ಆದರೆ ಗೇಟಿನ ಸ್ಥಿತಿ ಅನ್ನೋದು ಬಿಡಿ ಅಲ್ಲ, ಕಂತೆ. ಮಿತಿ, ಹಿಮ, ಗಾಳಿ, ಗೇಟು ಎಲ್ಲಾ ಸೇರಿಸಿ ಕಟ್ಟಿದ ಕಂತೆ. ಅದನ್ನ ಇನ್ನೊಂದು ಹೆಸರಿಗೆ ಸಮ ಅಂತ ಬರೆದ್ರೆ ಈ ಭಾಷೇಲಿ ಯಂತ್ರ ಹೊಸ ಕಂತೆ ಕಟ್ಟಲ್ಲ. ಇದ್ದ ಕಂತೆ ಎಲ್ಲಿದೆ ಅನ್ನೋ ವಿಳಾಸ ಮಾತ್ರ ಕೊಡತ್ತೆ. ಹೆಸರು ಎರಡು, ಟಗರು ಒಂದು."

ಎಲ್ದಿಯಾರ್ ತಲೆ ತಗ್ಗಿಸಿಕೊಂಡೇ ಗೊಣಗಿದ. "ಸಂಖ್ಯೆಗಳ ಜೊತೆ ಮಾಡಿದಾಗ ಸರಿಯಾಗೇ ಬರ್ತಿತ್ತು ಎಜೆ. ಪರೀಕ್ಷೆ ಮಾಡಿದ್ದೆ."

"ಸಂಖ್ಯೆ ಜೊತೆ ಮಾಡಿದೆ, ಸರಿ ಬಂತು. ಕಂತೆ ಜೊತೆ ಮಾಡೋ ಹೊತ್ತಿಗೆ ಜಂಬ ಬಂತು. ಮೊದಲ ವರ್ಷ ಕಲಿಯೋರು ಬೀಳೋ ಹಳ್ಳ ಇದು. ನೀನು ಗಡ್ಡ ಬಿಟ್ಕೊಂಡು ಬಿದ್ದಿದ್ದೀಯ. ಬಿದ್ದ ಜಾಗದಲ್ಲಿ ಒಬ್ಬ ಮುದುಕನ್ನ ಹೂಳೋಕೂ ತಯಾರಾಗಿದ್ದೆ."

"ಎಲ್ಲಾ ಸರಿ," ಎಂದು ಶೈಲೋಬೆಕ್ ನಡುವೆ ಬಂದ. ಚೇತರಿಸಿಕೊಳ್ಳುವುದರಲ್ಲಿ ಅವನು ನಿಸ್ಸೀಮ. "ಫೋಟೋ ಸುಳ್ಳು ಅಂತಾನೇ ಇಟ್ಕೊಳ್ಳೋಣ. ಹಾಗಂತ ಮಿತಿ ಬದಲಾಯ್ತು ಅನ್ನೋದು ಸಾಬೀತಾಯ್ತಾ? ನಮ್ಮ ಸಾಕ್ಷಿ ಬಿದ್ದುಹೋಯ್ತು ಅಷ್ಟೇ. ನಿಮ್ಮ ಹತ್ರಾನೂ ಏನಿಲ್ಲ. ಮುದುಕ ಇದ್ದಲ್ಲೇ ಇರ್ತಾನೆ."

ಇದು ನಿಜ. ಆ ಬಾಯಿಂದ ನಿಜ ಬಂದದ್ದು ಇದೇ ಮೊದಲಿರಬೇಕು. ಝೂರಾಳಿಗೆ ಬೇಕಾದದ್ದು ಒಂದೇ ಒಂದು ಬಿಡಿ ಸಂಖ್ಯೆ. ಗೇಟು ಎದ್ದ ಕ್ಷಣದಲ್ಲಿ ಕಂತೆಯಿಂದ ಹೊರಗೆ ತೆಗೆದು, ಬೇರೆ ಕಡೆ ಇಟ್ಟು, ಆಮೇಲೆ ಯಾರೂ ಮುಟ್ಟದೆ ಮರೆತ ಸಂಖ್ಯೆ. ಇಂಥ ಕಚೇರಿಯಲ್ಲಿ ಮರೆತುಹೋದ ವಸ್ತುಗಳಿಗೇನೂ ಬರವಿರಲಾರದು.

"ಎಲ್ದಿಯಾರ್, ಗೇಟು ಎದ್ದಾಗ ನಿನ್ನ ಪ್ರೋಗ್ರಾಮ್ ಫೋಟೋ ಬಿಟ್ಟು ಇನ್ನೇನು ಮಾಡತ್ತೆ?"

"ಸೈರನ್ ಊದತ್ತೆ. ಹಸಿರು ದೀಪ ಹಾಕತ್ತೆ."

"ಇನ್ನು?"

"ಇನ್ನೇನಿಲ್ಲ."

"ಯೋಚನೆ ಮಾಡು. ನಿನಗೆ ಅಭ್ಯಾಸ ಇಲ್ಲ, ಆದರೂ ಮಾಡು."

ಅವನು ಅವಮಾನವನ್ನು ನುಂಗಿ ಪರದೆಯಲ್ಲಿ ತನ್ನದೇ ಬರಹವನ್ನು ಕೆಳಗೆ ಸರಿಸುತ್ತ ಹೋದ. ಇದ್ದಕ್ಕಿದ್ದಂತೆ ನಿಲ್ಲಿಸಿದ.

"ಫಲಕ."

"ಯಾವ ಫಲಕ?"

"ಗೇಟಿನ ಪಕ್ಕ ಚಾಲಕರಿಗೆ ಅಂತ ಒಂದು ಫಲಕ ಇತ್ತು ಎಜೆ. ಇಷ್ಟು ಹಿಮದವರೆಗೆ ದಾರಿ ತೆರೆದಿರತ್ತೆ ಅಂತ ತೋರಿಸೋದು. ಗೇಟು ಎದ್ದಾಗ ಮಿತೀನ ಅಲ್ಲಿಗೆ ಕಳಿಸ್ತಿದ್ವಿ. ಫಲಕ ಹಿಮದ ಜೊತೆ ಕೊಚ್ಚಿಹೋಯ್ತು."

"ಫಲಕ ಹೋಗ್ಲಿ. ಕಳಿಸೋಕೆ ಮುಂಚೆ ಸಂಖ್ಯೇನ ಎಲ್ಲಿಟ್ಕೊಂಡಿದ್ದೆ?"

"ಒಂದು ಹೆಸರಿಟ್ಟು... ಹೊರಗಡೆ ಇಟ್ಟಿದ್ದೆ. ಮಿತಿ ಒಂದೇ. ಬರೀ ಸಂಖ್ಯೆ." ಅವನ ಕಣ್ಣು ಅಗಲವಾಯಿತು. "ಕಂತೆ ಅಲ್ಲ. ಬಿಡಿ."

"ಅದು ಮತ್ತೆ ಬದಲಾಗೋದು ಯಾವಾಗ?"

"ಮುಂದಿನ ಸಲ ಗೇಟು ಎದ್ದಾಗ. ಅವತ್ತಿಂದ ಗೇಟು ಎದ್ದೇ ಇಲ್ಲ."

"ಮತ್ತೆ ಯಂತ್ರ ಆಫ್ ಮಾಡಿದ್ರೆ?"

"ಮಾಡಿದ್ರೆ ಅಳಿಸಿಹೋಗತ್ತೆ. ಅದು ಬರೆದಿಟ್ಟಿರೋದಲ್ಲ, ಯಂತ್ರದ ನೆನಪಲ್ಲಿ ಇರೋದು ಅಷ್ಟೇ."

ಇಬ್ಬರೂ ಒಟ್ಟಿಗೆ ಶೈಲೋಬೆಕ್‌ನ ಬೆರಳಿನ ಕಡೆ ನೋಡಿದರು. ಅವನು ಕೈಯನ್ನು ಜೇಬಿಗೆ ಸೇರಿಸಿದ.

"ನನಗೆ ಅದೆಲ್ಲ ಗೊತ್ತಿರಲಿಲ್ಲ," ಎಂದ.

"ನಿಮಗೆ ಏನೂ ಗೊತ್ತಿಲ್ಲ ಅನ್ನೋದನ್ನ ನಾನು ಯಾವತ್ತೂ ಅನುಮಾನಿಸಿಲ್ಲ, ಮಿರ್ಜಾ. ಎಲ್ದಿಯಾರ್, ಆ ಸಂಖ್ಯೆ ತೋರಿಸು. ಬರೀ ತೋರಿಸು. ಮೊದಲು ನನ್ನ ಫೋನಿನಲ್ಲಿ ಚಿತ್ರ ಹಿಡೀತೀನಿ, ತಡಿ. ನಿಜವಾದ ಫೋಟೋ ಹೇಗಿರತ್ತೆ ಅಂತ ನಿನಗೂ ಗೊತ್ತಾಗ್ಲಿ."

ಅವನು ಫಲಕದ ಸಂಖ್ಯೆಯನ್ನು ಕೇಳಿದ. ಯಂತ್ರ ಕೊಟ್ಟಿತು.

ನೂರನಲವತ್ತು.

ಪರದೆಯ ಮೇಲೆ ಒಂದೇ ಒಂದು ಸಂಖ್ಯೆ, ಯಾವ ಅಲಂಕಾರವೂ ಇಲ್ಲದೆ. ಕಂತೆ ತೊಂಬತ್ತು ಎನ್ನುತ್ತಿತ್ತು, ಕಂತೆಯ ಕನ್ನಡಿಯೂ ತೊಂಬತ್ತು ಎನ್ನುತ್ತಿತ್ತು. ಬಿಡಿಯಾಗಿ ಉಳಿದ ಇದೊಂದು ಮಾತ್ರ ಯಾರ ಹಿಂದೆಯೂ ಹೋಗದೆ ತನ್ನ ಕ್ಷಣದಲ್ಲೇ ನಿಂತಿತ್ತು. ಗೇಟು ಎದ್ದಾಗ ಮಿತಿ ನೂರನಲವತ್ತು ಇತ್ತು. ಹಿಮ ನೂರಿಪ್ಪತ್ತು ಇತ್ತು. ಆದ್ದರಿಂದ ಯಂತ್ರವೇ ದಾರಿ ಸುರಕ್ಷಿತ ಎಂದುಕೊಂಡು, ಹಸಿರು ದೀಪ ಹಾಕಿ, ರಿಸ್ಪೆಕ್‌ನನ್ನು ಸಾವಿನ ಬಾಯಿಗೆ ಕಳಿಸಿತ್ತು. ಜೋಲ್ಚು ಕೈಹಿಡಿಯನ್ನು ಮುಟ್ಟಿಯೂ ಇರಲಿಲ್ಲ.

ಝೂರಾಳ ಕಣ್ಣು ತುಂಬಿ ಬಂತು. ಈ ಇಬ್ಬರ ಎದುರಿಗೆ ಒರೆಸಿಕೊಳ್ಳಲು ಮನಸ್ಸಾಗದೆ, ಪರದೆಗೆ ಇನ್ನಷ್ಟು ಬಗ್ಗಿ ಫೋನಿನಲ್ಲಿ ಚಿತ್ರ ಹಿಡಿದಳು.

"ಮಿತಿ ಬದಲಾಯಿಸೋ ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ ಇಲ್ಲ!" ಎಂದ ಎಲ್ದಿಯಾರ್. "ನಾನು ಬರೆದಿದ್ದು ಮಾತ್ರ. ಗುಪ್ತಪದ ಬಾಯ್ಕೆ ಹತ್ರ." ದಿನಾ ಬೆಳಗ್ಗೆ ಎದೆಗೆ ಕೈಯಿಟ್ಟು ಬಾಯ್ಕೆ, ಅಂದರೆ ಅಣ್ಣ, ಎಂದು ಕರೆಯುವ ನಿರ್ದೇಶಕನನ್ನು ಅವನು ಗಡ್ಡದ ತುದಿಯಿಂದಲೇ ತೋರಿಸಿಕೊಟ್ಟ.

"ನಾಚಿಕೆ ಆಗಲ್ವೇನೋ? ನಿನಗೆ ಮನೆ ಕಟ್ಟಿಸಿಕೊಟ್ಟೋನು ನಾನು!"

"ಮನೆ ಬೇರೆ, ಜೈಲು ಬೇರೆ ಬಾಯ್ಕೆ."

"ಪ್ರೋಗ್ರಾಮ್ ಬರೆದೋನಿಗೆ ಹಿಂಬಾಗಿಲು ಇರಲ್ವಾ? ಕೇಳಿ ಇವನನ್ನ, ಝೂರಾ ಅಸಾನೋವ್ನಾ! ಇವನನ್ನ ಕೇಳಿ!"

ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತಿ ದಡ ಸೇರಲು ನೋಡುವ ಈ ಇಬ್ಬರನ್ನು ಝೂರಾ ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ಬೆಳಗಿನ ತನಕ ಇವರು ಒಂದು ಸಂಸ್ಥೆಯಾಗಿದ್ದರು. ಅವಳಿಗೆ ಶೈಲೋಬೆಕ್‌ನ ಮೇಲೆ ಸಂಶಯವೇ ಉಳಿದಿರಲಿಲ್ಲ. ಯಾವನೋ ದೊಡ್ಡ ಗಿರಾಕಿಯನ್ನು ಘಟ್ಟ ದಾಟಿಸಬೇಕಾಗಿತ್ತು, ಮಿತಿ ಏರಿಸಿದ, ಗಿರಾಕಿ ದಾಟಿದ, ಹಿಂದೆ ಬಂದ ಲಾರಿ ದಾಟಲಿಲ್ಲ. ಇಂಥವರ ಪಾಪಗಳೂ ಇವರಷ್ಟೇ ಸಣ್ಣ.

"ಯಾರನ್ನ ದಾಟಿಸೋಕೆ ಏರಿಸಿದ್ರಿ, ಮಿರ್ಜಾ?"

"ನಾನು ಏರಿಸಿಲ್ಲ."

"ಕೀಲಿ ನಿಮ್ಮ ಹತ್ರ."

"ಇದ್ರೇನಾಯ್ತು? ನೂರನಲವತ್ತು ಅನ್ನೋದು ನನಗೆ ಈಗ್ಲೇ ಗೊತ್ತಾಗಿದ್ದು, ನನ್ನ ಮಕ್ಕಳಾಣೆಗೂ. ಏರಿಸೋದಂತೆ, ಇಳಿಸೋದಂತೆ! ಮುದುಕ ಕೈಹಿಡಿ ತಿರುಗಿಸಿದ ಅಂತಾನೇ ನಾನು ನಂಬಿದ್ದು." ಹಣೆಯ ಬೆವರು ಅವನ ಹುಬ್ಬಿಗೆ ಇಳಿಯಿತು. "ಯಾರೋ ಕೀಲಿ ಕೊಡು ಅಂದ್ರು, ಕೊಟ್ಟೆ. ಕೊಡಲ್ಲ ಅನ್ನೋಕಾಗಲ್ಲ ಕೆಲವರಿಗೆ. ಏನು ಮಾಡಿದ್ರು ಅಂತ ನಾನು ಕೇಳಲಿಲ್ಲ."

"ಯಾರು?"

ಅವನು ತುಟಿ ಬಿಗಿದುಕೊಂಡ. ಹೆಸರು ಹೇಳಿದರೂ ಕೇಡು, ಹೇಳದಿದ್ದರೂ ಕೇಡು.

ಆ ಹೆಸರನ್ನು ಆಮೇಲೆ ನೋಡಿಕೊಳ್ಳಬಹುದಿತ್ತು. ಮೊದಲು ಮುದುಕನನ್ನು ಉಳಿಸಬೇಕು. ಝೂರಾ ಠಾಣೆಯಲ್ಲಿದ್ದ ತನ್ನ ಸಹಾಯಕ ಇನ್ಸ್‌ಪೆಕ್ಟರ್ ತಿಲೆಕ್‌ಗೆ ಫೋನು ಮಾಡಿದಳು. ಇಬ್ಬರಿಗೂ ಕೇಳಲಿ ಎಂದೇ ಸ್ಪೀಕರ್ ಹಾಕಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಗೆದ್ದದ್ದನ್ನು ಇವರ ಕಿವಿಗೂ ಹಾಕುವ ಆಸೆ ಅವಳಿಗಿತ್ತು.

"ತಿಲೆಕ್, ಜೋಲ್ಚು ಅಕ್ಸಕಾಲರನ್ನ, ಆ ಹಿರೀಕರನ್ನ, ಎಲ್ಲಿಗೂ ಕಳಿಸಬೇಡ. ಸೈರಾ ಅವರಿಗೂ ಹೇಳು, ಅಳೋದು ನಿಲ್ಲಿಸಿ ಅಂತ. ನನ್ನ ಹತ್ರ ಸಾಕ್ಷಿ ಇದೆ."

ಆ ಕಡೆ ತಿಲೆಕ್ ದನಿ ತಗ್ಗಿಸಿದ.

"ಎಜೆ, ನಾನೇ ನಿಮಗೆ ಮಾಡೋಣ ಅಂತಿದ್ದೆ. ಅಕ್ಸಕಾಲ್ ತಪ್ಪೊಪ್ಪಿಕೊಂಡಿದಾರೆ. ಹೇಳಿಕೆ ಈಗಷ್ಟೇ ನನ್ನ ಕೈಗೆ ಬಂತು."

"ಏನು ತಪ್ಪು? ಏನಂತ ಒಪ್ಕೊಂಡ್ರು? ಓದು."

ಹಾಳೆ ಸರಿದ ಸದ್ದಾಯಿತು. ತಿಲೆಕ್ ಓದಿದ.

"ಗೇಟಿನ ಮಿತಿಯು ತೊಂಬತ್ತು ಇದ್ದುದನ್ನು ನಾನು ನೂರನಲವತ್ತಕ್ಕೆ ಏರಿಸಿ, ಗೇಟು ತೆರೆದ ನಂತರ ಪುನಃ ತೊಂಬತ್ತಕ್ಕೆ ಇಳಿಸಿರುತ್ತೇನೆ. ಇದಕ್ಕೆ ನಾನೊಬ್ಬನೇ ಹೊಣೆ."

ಎಲ್ದಿಯಾರ್‌ನ ಕೈಯಿಂದ ಟೋಪಿ ಜಾರಿತು. ಪರದೆಯ ಮೇಲೆ ನೂರನಲವತ್ತು ಇನ್ನೂ ಹೊಳೆಯುತ್ತಿತ್ತು. ಆ ಸಂಖ್ಯೆ ಹೊರಬಂದು ಒಂದು ಲೋಟ ಚಹ ಆರುವಷ್ಟು ಹೊತ್ತೂ ಆಗಿರಲಿಲ್ಲ. ಈ ಕೋಣೆಯಿಂದ ಯಾರೂ ಹೊರಗೆ ಹೋಗಿರಲಿಲ್ಲ. ಗೇಟಿನ ಕೋಣೆಯಲ್ಲಿ ಜೋಲ್ಚುವಿಗೆ ಇದ್ದದ್ದು ಒಂದು ಕೆಂಪು ದೀಪ, ಒಂದು ಹಸಿರು ದೀಪ, ಒಂದು ಕೈಹಿಡಿ. ಮಿತಿ ಎಂಬುದು ಯಂತ್ರದೊಳಗೆ ಎಲ್ಲಿರುತ್ತದೆ ಎಂದೂ ಆ ಮನುಷ್ಯನಿಗೆ ತಿಳಿಯದು.

"ಆ ಹೇಳಿಕೆ ಯಾವಾಗಿಂದು, ತಿಲೆಕ್?"

"ನಿನ್ನೆ ಮಧ್ಯಾಹ್ನದ್ದು."

"ನಿನ್ನೆ."

"ಹೌದು ಎಜೆ. ಅಕ್ಸಕಾಲ್ ಹೆಬ್ಬೆಟ್ಟು ಒತ್ತಿದಾರೆ. ಒತ್ತಿದ ಮೇಲೆ, ಇನ್ನಾದ್ರೂ ಸೈರಾಳನ್ನ ಮನೆಗೆ ಬಿಡ್ತೀರಾ ಅಂತ ಕೇಳಿದ್ರಂತೆ. ಏನೋ ನನಗೂ ಅರ್ಥ ಆಗ್ಲಿಲ್ಲ. ಸೈರಾ ಅವರು ನಿನ್ನೆಯಿಂದ ಮೆಟ್ಟಿಲ ಮೇಲೆ ಕಾಣ್ತಾನೂ ಇಲ್ಲ."

ಝೂರಾ ಫೋನಿನ ಕಡೆ ಬಗ್ಗಿದಳು.

"ಹೇಳಿಕೆ ಬರೆದೋರು ಯಾರು?"

"ಕರ್ನಲ್ ಸಾಹೇಬ್ರು. ಅವರದೇ ಅಕ್ಷರ."

ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆಯ ಒಳಗಿಂದ. ಶೈಲೋಬೆಕ್ ಬೆಳಗಿನಿಂದ ಕಳೆದುಕೊಂಡಿದ್ದ ಬಣ್ಣವೆಲ್ಲ ಅವನ ಮುಖಕ್ಕೆ ವಾಪಸು ಬಂದಿತ್ತು. ಕೀಲಿ ಇಸಿದುಕೊಂಡವರು ತನ್ನನ್ನು ನಡುನೀರಿನಲ್ಲಿ ಬಿಡಲಿಲ್ಲ ಎಂಬುದು ಅವನಿಗೆ ಈಗಷ್ಟೇ ತಿಳಿದದ್ದು. ಜೇಬಿನಿಂದ ಕೈ ತೆಗೆದು, ಕರವಸ್ತ್ರದಿಂದ ಹುಬ್ಬು ಒರೆಸಿಕೊಂಡು, ಅವಳನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ಹೊತ್ತು ಅವಳು ಅವನನ್ನು ನೋಡಿದ್ದ ಅದೇ ನೋಟ.

"ಒಳ್ಳೆ ಪಾಠ ಹೇಳಿದ್ರಿ, ಝೂರಾ ಅಸಾನೋವ್ನಾ. ಕಂತೆ, ಬಿಡಿ, ಟಗರು, ಬೋರ್ಸೋಕ್. ನಾನು ದಡ್ಡ, ನನಗೂ ತಿಳೀತು. ಈಗ ಈ ಸಂಖ್ಯೆ ಇಟ್ಕೊಂಡು ಯಾರ ಹತ್ರ ಹೋಗ್ತೀರಿ?"

ನೂರನಲವತ್ತು ಎಂಬುದು ನಿನ್ನೆಯೇ ಗೊತ್ತಿರಲು ಸಾಧ್ಯವಿದ್ದದ್ದು ಮಿತಿ ಏರಿಸಿದವರಿಗೆ ಮಾತ್ರ. ಸಂಜೆಯೊಳಗೆ ಸಾಕ್ಷಿ ತಂದುಕೊಡು ಎಂದು ಅವಳನ್ನು ಇಲ್ಲಿಗೆ ಕಳಿಸಿದವರೇ ಕರ್ನಲ್ ಮಾದಿಲೋವ್. ಸಾಕ್ಷಿ ಉಳಿದಿದೆಯೋ ಇಲ್ಲವೋ ಎಂದು ಅವರಿಗೂ ತಿಳಿಯಬೇಕಾಗಿತ್ತು. ಹುಡುಕಿಕೊಡಲು ಅವರಿಗೆ ಇಲಾಖೆಯಲ್ಲಿ ಇವಳಿಗಿಂತ ಒಳ್ಳೆಯ ನಾಯಿ ಸಿಗುತ್ತಿರಲಿಲ್ಲ.

ಮಡಿಲಲ್ಲಿದ್ದ ಫೋನಿನಿಂದ ತಿಲೆಕ್‌ನ ದನಿ ಮತ್ತೆ ಬಂತು.

"ಎಜೆ, ಲೈನಲ್ಲಿ ಇದ್ದೀರಾ? ಕರ್ನಲ್ ಸಾಹೇಬ್ರು ಈಗಷ್ಟೇ ಬಂದ್ರು, ಇಲ್ಲೇ ಪಕ್ಕದಲ್ಲಿ ನಿಂತಿದಾರೆ. ನಿಮಗೆ ಏನು ಸಾಕ್ಷಿ ಸಿಕ್ತು ಅಂತ ಕೇಳ್ತಿದಾರೆ. ಏನು ಹೇಳ್ಲಿ?"